ನರ್ಸಮ್ಮ ನೋಡಿದ ಚೀನಾದ ವಿಮಾನ

ಲ್ಯಾಮಿನೇಷನ್ ಮೆಷಿನ್ ಬಿಸಿಯಾಗುವಾಗ ಒಂದು ವಾಸನೆ ಬರುತ್ತದೆ. ಪ್ಲಾಸ್ಟಿಕ್ ಇನ್ನೂ ಸುಟ್ಟಿಲ್ಲ, ಇನ್ನೇನು ಸುಡುತ್ತದೆ ಅನ್ನುವಂಥ ವಾಸನೆ. ಗುಬ್ಬಿಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಈಗ ಅದಕ್ಕೆ ಕೆಲಸವೇ ಇಲ್ಲ. ಎಲ್ಲರ ಕಾರ್ಡುಗಳೂ ಮೊಬೈಲಿನೊಳಗೆ ಹೋಗಿ ಕೂತಿವೆ. ಮೊನ್ನೆ ಯಾರೋ ಮಗಳ ಮಾರ್ಕ್ಸ್ ಕಾರ್ಡ್ ತಂದರು ಅಂತ ಮೂಲೆಯಲ್ಲಿದ್ದ ಮೆಷಿನ್ನಿನ ಧೂಳು ಒರೆಸಿ ಸ್ವಿಚ್ ಹಾಕಿದೆ. ವಾಸನೆ ಬಂತು. ಅದರ ಹಿಂದೆಯೇ ನರ್ಸಮ್ಮ ನೆನಪಿಗೆ ಬಂದರು... ಕೌಂಟರಿನ ಆಚೆ ನಿಂತು, ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, ಅವಸರವೇ ಇಲ್ಲದವರ ಹಾಗೆ.

ನರ್ಸಮ್ಮ ನನ್ನ ಅಂಗಡಿಯ ಎದುರು ಮನೆಯವರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ರಿಟೈರ್ ಆಗಿದ್ದರು. ಊರಿನ ಅರ್ಧ ಜನರ ತೋಳಿಗೆ ಸೂಜಿ ಚುಚ್ಚಿದ ಕೈ ಅವರದು, ನನ್ನ ತೋಳಿಗೂ. ಮದುವೆ ಮನೆಯಲ್ಲಿ ಯಾರಾದರೂ ಪುಢಾರಿ ಎದುರಾದರೆ, ಇಂಜೆಕ್ಷನ್ ಅಂದರೆ ಇವನು ಮಂಚದ ಕೆಳಗೆ ನುಗ್ಗುತ್ತಿದ್ದ ಎಂದು ನಾಲ್ಕು ಜನರ ಮುಂದೆ ಹೇಳಿ ಮಾನ ಕಳೆಯುತ್ತಿದ್ದರು. ಗಂಡ ಬೇಗ ತೀರಿಕೊಂಡಿದ್ದರು. ಇದ್ದವನು ಒಬ್ಬನೇ ಮಗ.

ಆ ಮಗ, ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷೆ ಮಾಡುವ ಕಡೆ ಕೆಲಸದಲ್ಲಿದ್ದ. ಇಷ್ಟಾದರೂ ನಮಗೆ ತಿಳಿದದ್ದು ಅವನು ಹೋದ ಮೇಲೆ. ಇದ್ದಾಗ ಕೇಳಿದರೆ ಆಫೀಸ್ ಕೆಲಸ ಅನ್ನುತ್ತಿದ್ದ, ತಾಯಿಗೂ ಅದೇ ಉತ್ತರ. "ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟವ್ನೆ ಕಣೋ ನಮ್ಮುಡ್ಗ" ಎಂದು ನರ್ಸಮ್ಮ ನಗುತ್ತಿದ್ದರು. ಒಂದು ದಿನ ಪರೀಕ್ಷೆಯ ಹಾರಾಟದಲ್ಲಿ ಅಪಘಾತವಾಯಿತು. ಯಾವ ವಿಮಾನ, ಎಲ್ಲಿ ಬಿತ್ತು, ಅವನು ಅದರಲ್ಲಿ ಪೈಲಟ್ಟೋ, ಹಿಂದೆ ನಿಂತು ಯಂತ್ರ ನೋಡುವವನೋ, ಇಲ್ಲ ಕೊನೆಯ ಗಳಿಗೆಯಲ್ಲಿ ಹೊರಗೆ ಹಾರಿದನೋ, ಮೇಲಿನವರು ಒಂದೂ ಹೇಳಲಿಲ್ಲ.

ಗುಟ್ಟಿನ ಕಥೆ ಹೀಗಾದರೆ ಮೆರವಣಿಗೆಯ ಕಥೆ ಬೇರೆ. ತುಮಕೂರಿನ ಗುಬ್ಬಿ ಗೇಟಿನಲ್ಲಿ ಜನ ಹಾರ ಹಿಡಿದು, ಮೈಕು ಕಟ್ಟಿ ಕಾಯುತ್ತಿದ್ದರು. ಅವನನ್ನು ಹೊತ್ತ ವಾಹನ ಕುಣಿಗಲ್ ಕಡೆಯಿಂದ ಸದ್ದಿಲ್ಲದೆ ಊರಿಗೆ ಬಂದುಬಿಟ್ಟಿತು. ಹಾರ ಹಿಡಿದವರೆಲ್ಲ ಬೈಕು ಕಾರು ಹತ್ತಿ ಎದ್ದೆವೋ ಬಿದ್ದೆವೋ ಎಂದು ಓಡಿಬಂದರು.

ನರ್ಸಮ್ಮನ ಕಡೆಯವರು ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಮಾಡುತ್ತಾರೆ. ನೆಂಟರು ಬೆಳಿಗ್ಗೆಯೇ ತೋಟದ ಮೂಲೆಯಲ್ಲಿ ಚೌಕವಾಗಿ ಆಳದ ಗುಂಡಿ ತೋಡಿಸಿ, ಅದರೊಳಗೆ ಕೂರಿಸಲು ಗೂಡು ಕೊರೆಸಿ ಇಟ್ಟಿದ್ದರು. ಬಂದದ್ದು ಬಾವುಟ ಹೊದಿಸಿದ ಉದ್ದನೆಯ ಪೆಟ್ಟಿಗೆ. ತೆಗೆಯುವ ಹಾಗಿಲ್ಲ ಎಂದು ಜೊತೆಗೆ ಬಂದಿದ್ದ ಅಧಿಕಾರಿ ಮೆಲ್ಲಗೆ ಹೇಳಿದರು. ನರ್ಸಮ್ಮನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಎಷ್ಟೋ ಅಪಘಾತದ ಹೆಣಗಳಿಗೆ ಬಟ್ಟೆ ಸುತ್ತಿ, ಮುಖ ನೋಡಬೇಡಿ ಎಂದು ಬೇರೆ ತಾಯಂದಿರನ್ನು ತಡೆದವರು ಅವರು.

ಚೌಕದ ಗುಂಡಿಗೆ ಉದ್ದದ ಪೆಟ್ಟಿಗೆ ಇಳಿಯುವುದಾದರೂ ಹೇಗೆ? ಎಲ್ಲರೂ ನಿಂತಿದ್ದ ಹಾಗೆಯೇ ಆ ಗೂಡನ್ನು ಒಡೆದು, ಗುಂಡಿಯನ್ನು ಉದ್ದಕ್ಕೆ ಅಗೆಯಬೇಕಾಯಿತು. ಬಂದೂಕಿನವರು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಟೀವಿಯವರು ಕ್ಯಾಮೆರಾ ಕೆಳಗಿಳಿಸಿದರು. ಗುದ್ದಲಿಯ ಸದ್ದು ಬಿಟ್ಟರೆ ತೋಟದಲ್ಲಿ ಬೇರೆ ಸದ್ದಿರಲಿಲ್ಲ... ಆ ಸದ್ದು ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ. ಮಗ ಕೆಲಸಕ್ಕೆ ಹೋಗುವಾಗ ಲಿಂಗವನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದನಂತೆ. ಇಡಲು ಅಂಗೈ ಇಲ್ಲದ್ದರಿಂದ ನರ್ಸಮ್ಮ ಅದನ್ನು ದಾರದ ಸಮೇತ ಪೆಟ್ಟಿಗೆಯ ಹಿಡಿಗೆ ಕಟ್ಟಿದರು. ಬ್ಯಾಂಡೇಜಿಗೆ ಹಾಕುವಂಥ ಗಟ್ಟಿ ಗಂಟು ಹಾಕಿದರು. ಪೆಟ್ಟಿಗೆ ಇಳಿಯುವಾಗ, "ಮಲಗ್ಸ್‌ಬುಟ್ರಲ್ಲೋ" ಎಂದರು. ಆ ದಿನ ಅವರ ಬಾಯಿಂದ ಬಂದ ಮಾತು ಅದೊಂದೇ.

ಮಾರನೆಯ ದಿನ ಬಸ್ ಸ್ಟ್ಯಾಂಡಿನ ಮುಂದೆ ಮಗನ ಫ್ಲೆಕ್ಸ್ ಎದ್ದಿತು. ಅದರಲ್ಲಿ ಅವನ ಮುಖಕ್ಕಿಂತ ಫ್ಲೆಕ್ಸ್ ಹಾಕಿಸಿದವರ ಮುಖಗಳೇ ಹೆಚ್ಚು. ಊರಿಗೆಲ್ಲ ಅವನನ್ನು ತೋರಿಸಿದರು, ತಾಯಿಗೆ ಮಾತ್ರ ತೋರಿಸಲಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ಅದಾಗಿ ಒಂದೆರಡು ವರ್ಷ ಕಳೆದಿರಬೇಕು. ಆಗ ನನ್ನ ಅಂಗಡಿಯಲ್ಲಿ ಜೆರಾಕ್ಸಿನ ಜೊತೆ ಬ್ರೌಸಿಂಗ್ ಸೆಂಟರೂ ಇತ್ತು. ಒಂದು ಬೆಳಿಗ್ಗೆ ನರ್ಸಮ್ಮ ಪೇಪರು ಹಿಡಿದು ಬಂದರು. ಚೀನಾದವರು ರಾಡಾರಿನ ಕಣ್ಣಿಗೆ ಬೀಳದ ಹೊಸ ಯುದ್ಧವಿಮಾನ ಮಾಡಿದ್ದಾರೆ, ಅದನ್ನು ಪರೀಕ್ಷೆ ಮಾಡುತ್ತಿರುವ ಫೋಟೋಗಳು ಇಂಟರ್ನೆಟ್ಟಿನಲ್ಲಿ ಹರಿದಾಡುತ್ತಿವೆ ಎಂಬ ಸುದ್ದಿ ಅದರಲ್ಲಿತ್ತು. "ಇದನ್ನ ತೋರ್ಸಪ್ಪ" ಎಂದರು. ನಾನು ಹುಡುಕಿ ತೆಗೆದೆ. ಚೆಂಗ್ಡು ಎಂಬ ಊರಿನ ರನ್‌ವೇ. ಬೇಲಿಯ ಈಚೆ ಜನವೋ ಜನ, ಕ್ಯಾಮೆರಾ ಹಿಡಿದು ನಿಂತವರು, ಎತ್ತರ ಹತ್ತಿ ಇಣುಕುವವರು. ಬೇಲಿಯ ಆಚೆ ಉದ್ದ ಮೂತಿಯ ಕಪ್ಪು ವಿಮಾನ ಹಗಲು ಹೊತ್ತಿನಲ್ಲೇ ಅತ್ತಿಂದಿತ್ತ ಓಡಾಡುತ್ತಿತ್ತು. ಅಲ್ಲಿನ ಸರ್ಕಾರ ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ನಿಂತವರನ್ನು ಪೂರ್ತಿ ಓಡಿಸಲೂ ಇಲ್ಲ.

"ರಾಡಾರಿಗೆ ಕಾಣಲ್ಲ, ಬೇಲಿ ಹತ್ರ ಸೈಕಲ್ ನಿಲ್ಸ್ಕೊಂಡೋನಿಗೆ ಕಾಣುತ್ತೆ. ಇದ್ಯಾವ ಸೀಮೆ ಗುಟ್ಟು ಕಣೋ?" ಎಂದು ನರ್ಸಮ್ಮ ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ನಾನು ಪೇಪರಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ: ಬೇಕೆಂದೇ ಕಾಣುವ ಹಾಗೆ ಬಿಟ್ಟಿದ್ದಾರಂತೆ, ಬಾಯಲ್ಲಿ ಹೇಳದೆ ಕಣ್ಣಿಗೆ ತೋರಿಸುತ್ತಿದ್ದಾರಂತೆ. ಅವರಿಗೆ ಅದು ನನಗಿಂತ ಚೆನ್ನಾಗಿ ಅರ್ಥವಾಯಿತು. "ಹೆಣ್ಣು ತೋರ್ಸೋಕೆ ದೇವಸ್ಥಾನಕ್ಕೆ ಕರ್ಕೊಂಡೋಗ್ತಾರಲ್ಲ, ಹಂಗೆ ಅನ್ನು. ಅವ್ರೂ ಸುಮ್ನೆ ಬಂದಂಗಿರ್ತಾರೆ, ಇವ್ರೂ ಸುಮ್ನೆ ಬಂದಂಗಿರ್ತಾರೆ. ನೋಡೋದೆಲ್ಲ ನೋಡ್ಕೋತಾರೆ, ಬಾಯಿ ಮಾತ್ರ ಬುಡಲ್ಲ."

ಆಮೇಲೆ ಪರದೆಗೆ ಮುಖ ತಂದು, ದೊಡ್ಡದು ಮಾಡು ಎಂದರು. ಮಾಡಿದೆ. ಇನ್ನೂ ದೊಡ್ಡದು ಎಂದರು. ರೆಕ್ಕೆ, ಬಾಲ, ಬಣ್ಣ ಯಾವುದೂ ಅವರಿಗೆ ಬೇಕಿರಲಿಲ್ಲ. ಗಾಜಿನ ಗುಮ್ಮಟದೊಳಗೆ ಮಸುಕು ಮಸುಕಾಗಿ ಒಂದು ಹೆಲ್ಮೆಟ್ ಕಾಣುತ್ತಿತ್ತು.

"ಕೂತವ್ನೇನೋ ಅವ್ನು?"

"ಹೂಂ ಕಣಮ್ಮ. ಕೂತೇ ಓಡಿಸ್ಬೇಕಲ್ಲ."

"ನೆಟ್ಟಗೆ ಕೂತವ್ನಾ?"

ಆಗ ನನಗೆ ಹೊಳೆಯಿತು. ತೋಟದಲ್ಲಿ ಮಲಗಿಸಿದವನನ್ನು ಅವರು ಇಲ್ಲಿ ಹುಡುಕುತ್ತಿದ್ದರು. ಕೊನೆಯ ಗಳಿಗೆಯಲ್ಲಾದರೂ ಅವನು ಕೂತಿದ್ದನೇ ಎಂಬುದೊಂದೇ ಅವರಿಗೆ ತಿಳಿಯಬೇಕಿತ್ತು. ಯಾರ ತಪ್ಪು, ಯಾವ ಯಂತ್ರ ಕೈ ಕೊಟ್ಟಿತು ಎಂಬುದರ ಗೊಡವೆ ಅವರಿಗಿರಲಿಲ್ಲ. ಆ ಫೋಟೋವನ್ನು ಕಲರ್ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಕೊಟ್ಟೆ. ಅವರು ಅದನ್ನು ಟೀವಿ ಪಕ್ಕದಲ್ಲಿ ಇಟ್ಟುಕೊಂಡರು. ಪಕ್ಕದ ಬೀದಿಯ ಯಜಮಾನರೊಬ್ಬರು ಮನೆಗೆ ಬಂದಾಗ ಅದನ್ನು ನೋಡಿ, ಮಗನನ್ನು ದೇಶಕ್ಕೆ ಕೊಟ್ಟವರ ಮನೆಯಲ್ಲಿ ಇದೇನು ಶತ್ರುವಿನ ವಿಮಾನ ಎಂದು ಕೊಂಕು ತೆಗೆದರಂತೆ. "ಕಾಫಿ ಆರೋಗುತ್ತೆ, ಕುಡೀರಿ" ಎಂದರಂತೆ ನರ್ಸಮ್ಮ.

ಹೊಸ ಫೋಟೋ ಬಂದಾಗಲೆಲ್ಲ ಅವರು ಬರುತ್ತಿದ್ದರು. ಎಲ್ಲದರಲ್ಲೂ ಅದೇ ಗಾಜು, ಅದೇ ಹೆಲ್ಮೆಟ್ಟು, ಅದೇ ಪ್ರಶ್ನೆ. ಒಮ್ಮೊಮ್ಮೆ ಗಾಜಿನ ಮೇಲೆ ಬಿಸಿಲು ಬಿದ್ದು ಒಳಗೆ ಏನೂ ಕಾಣುತ್ತಿರಲಿಲ್ಲ. ಅಂಥ ದಿನ ಕನ್ನಡಕ ಒರೆಸಿಕೊಂಡು ಎದ್ದು ಹೋಗುತ್ತಿದ್ದರು...

ಹೀಗಿರುವಾಗ ಮಗನ ಜೊತೆ ಕೆಲಸ ಮಾಡಿದವನೊಬ್ಬ ಅವರನ್ನು ನೋಡಲು ಬಂದ. ಉತ್ತರದ ಕಡೆಯ ಹುಡುಗ, ಕನ್ನಡ ಬಾರದು. ನನ್ನ ಅಂಗಡಿಯಲ್ಲಿ ವಿಳಾಸ ಕೇಳಿದ. ನನ್ನ ಹರಕು ಮುರುಕು ಹಿಂದಿಯನ್ನು ನಂಬಿ ನರ್ಸಮ್ಮ ನನ್ನನ್ನೂ ಒಳಗೆ ಕರೆದರು. ಅವನು ಕೂರಲಿಲ್ಲ. ಗೋಡೆಯ ಮೇಲಿದ್ದ ಗೆಳೆಯನ ಫೋಟೋ ನೋಡುತ್ತ ನಿಂತೇ ಇದ್ದ. ಆ ದಿನದ ವಿಷಯ ಏನೂ ಹೇಳುವ ಹಾಗಿಲ್ಲ, ಕ್ಷಮಿಸಿ ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಲು ಹೊರಟರೆ ನರ್ಸಮ್ಮ ಕೈ ಅಡ್ಡ ಹಿಡಿದರು.

"ಹೇಳ್ಬೇಡ ಅನ್ನು. ಚೀನಾದೋರು ಏನಾದ್ರೂ ಹೇಳಿದ್ರಾ? ನಮ್ಮುಡ್ಗ ಹೆಂಗಿದ್ದ ಅಂತ ಮಾಡಿ ತೋರ್ಸಕ್ಕೆ ಹೇಳು, ಸಾಕು."

ನಾನು ಹೇಳಿದೆ. ನರ್ಸಮ್ಮ ಪ್ಲಾಸ್ಟಿಕ್ ಕುರ್ಚಿಯೊಂದನ್ನು ನಡುಮನೆಗೆ ಎಳೆದು ಹಾಕಿ ಹಿಂದೆ ಸರಿದು ನಿಂತರು. ಹುಡುಗ ಕುರ್ಚಿಯನ್ನೂ ಅವರ ಮುಖವನ್ನೂ ನೋಡಿದ. ತುಂಬ ಹೊತ್ತಾದ ಮೇಲೆ ಕೂತ. ಬೆನ್ನು ನೆಟ್ಟಗೆ, ಕಾಲು ಮುಂದಕ್ಕೆ, ಬಲಗೈ ಮೊಣಕಾಲುಗಳ ನಡುವೆ, ಎಡಗೈ ಪಕ್ಕದಲ್ಲಿ ಏನನ್ನೋ ಹಿಡಿದ ಹಾಗೆ. ಕಣ್ಣು ಎದುರಿನ ಗೋಡೆಯ ಮೇಲಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ನರ್ಸಮ್ಮ ಪೇಷೆಂಟನ್ನು ನೋಡುವ ಹಾಗೆ ಅವನ ಸುತ್ತ ಒಂದು ಸುತ್ತು ಬಂದರು. ಮುಚ್ಚಿದ್ದ ಎಡಗೈಯ ಬೆರಳುಗಳನ್ನು ಬಿಡಿಸಿ ಅಂಗೈ ನೋಡಿದರು, ಮತ್ತೆ ಮುಚ್ಚಿದರು. ಆ ಮನೆಯಲ್ಲಿ ಆಗ ನಾವು ಮೂವರೇ ಇರಲಿಲ್ಲ ಅನ್ನಿಸಿತು.

"ಏಳಪ್ಪ, ಊಟ ಮಾಡು" ಎಂದರು ನರ್ಸಮ್ಮ.

ಊಟವಾದ ಮೇಲೆ ಅವನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಬಸ್ಸು ಬರುವವರೆಗೂ ತಲೆ ತಗ್ಗಿಸಿ ನಿಂತಿದ್ದವನು, ಹತ್ತುವ ಮೊದಲು ಹೇಳಿದ: ಆ ದಿನ ತಾನು ರಜೆಯಲ್ಲಿದ್ದೆ, ಅಲ್ಲಿ ಇರಲೇ ಇಲ್ಲ, ತನಗೂ ಯಾರೂ ಏನೂ ಹೇಳಿಲ್ಲ. ನಾನು ಕಾಲೆಳೆದುಕೊಂಡು ವಾಪಸು ಬಂದೆ. ನರ್ಸಮ್ಮ ಬಾಗಿಲಲ್ಲೇ ಇದ್ದರು. ನನ್ನ ಮುಖ ನೋಡಿದರು.

"ಪಾಪ, ಅವ್ನಿಗೂ ಗೊತ್ತಿಲ್ಲ ಅಲ್ವೇನ್ಲಾ?"

ನಾನು ಒಳಗೆ ಹೋಗಿ ನಡುಮನೆಯ ಕುರ್ಚಿಯನ್ನು ಗೋಡೆಗೆ ಸರಿಸಿದೆ.

"ಇರ್ಲಿ ಬುಡು. ನಾನು ಕೇಳ್ದೆ, ಅವ್ನು ಕೂತ. ಅಷ್ಟಾದ್ರೂ ಯಾರು ಮಾಡಿದ್ರು?"

ಅದಾದ ಮೇಲೆ ಅವರು ಫೋಟೋ ನೋಡಲು ಬರುವುದನ್ನು ನಿಲ್ಲಿಸಿದರು. ಇಂಜೆಕ್ಷನ್ನಿನ ಹಳೆಯ ಕಥೆಗಳನ್ನು ಮತ್ತೆ ಹೇಳತೊಡಗಿದರು.

ಈಚೆಗೆ ಚೀನಾದವರದೇ ಇನ್ನೊಂದು ಹೊಸ ವಿಮಾನದ ವಿಡಿಯೋ ನನ್ನ ಮೊಬೈಲಿಗೆ ಬಂತು. ಇದಕ್ಕೆ ಬಾಲವೇ ಇಲ್ಲ. ಹಾಡುಹಗಲಲ್ಲಿ ಊರಿನ ನೆತ್ತಿಯ ಮೇಲೆ ಹಾರುತ್ತಿದೆ, ಕೆಳಗೆ ಜನ ಮೊಬೈಲ್ ಎತ್ತಿ ಹಿಡಿದಿದ್ದಾರೆ, ಈ ಸಲವೂ ಅಲ್ಲಿನ ಸರ್ಕಾರದ ತುಟಿ ಪಿಟಕ್ಕೆಂದಿಲ್ಲ. ನಿಲ್ಲಿಸಿ ದೊಡ್ಡದು ಮಾಡಿದೆ. ಒಳಗಿನವನು ಕಾಣಲಿಲ್ಲ. ಎದುರು ಮನೆಗೆ ಕೂಗಿ ಕರೆಯಲು ತಲೆ ಎತ್ತಿದೆ. ಅಲ್ಲಿ ಈಗ ಬೇರೆಯವರಿದ್ದಾರೆ.

ನರ್ಸಮ್ಮ ಕೊರೊನಾದ ಎರಡನೇ ಅಲೆಯಲ್ಲಿ ಹೋದರು. ತುಮಕೂರಿನ ಆಸ್ಪತ್ರೆಯಲ್ಲಿ ಮನೆಯವರದೆಂದು ಅವರು ಬರೆಸಿದ್ದು ನನ್ನ ನಂಬರಂತೆ. ನಾನು ಹೋಗುವಷ್ಟರಲ್ಲಿ ಚೀಲದ ಜಿಪ್ ಎಳೆದಾಗಿತ್ತು, ತೆಗೆಯುವ ಹಾಗಿರಲಿಲ್ಲ. ಊರಾಚೆ ಗುಂಡಿ ಮೊದಲೇ ತೋಡಿಟ್ಟಿದ್ದರು, ಉದ್ದಕ್ಕೇ ತೋಡಿದ್ದರು. ದೂರ ನಿಂತು ನೋಡಿದೆ. ನನ್ನ ಕೈಲಿ ಏನೂ ಆಗಲಿಲ್ಲ. ಮನೆಗೆ ಬಂದು ಆ ವಾರ್ಡಿನ ಸಿಸ್ಟರಿಗೆ ಫೋನ್ ಮಾಡಿ, ಕೊನೆಗೆ ಹೇಗಿದ್ದರಮ್ಮ ಎಂದು ಕೇಳಿದೆ. ಕೂತಿದ್ದರಾ ಎಂದೂ ಕೇಳಿಬಿಟ್ಟೆ.

"ಹೂಂ ಸರ್. ಮಲಗಕ್ಕೇ ಆಗ್ತಿರ್ಲಿಲ್ಲ, ಉಸ್ರು ಕಟ್ತಿತ್ತು. ದಿಂಬಿಗೆ ಒರಗಿ ಕೂತೇ ಇದ್ರು. ಕೂತೇ ಹೋದ್ರು" ಎಂದಳು ಆ ಹುಡುಗಿ.

ಅಷ್ಟೊಂದು ಸಾವುಗಳ ನಡುವೆ ಯಾವ ಮಂಚದವರು ಕೂತಿದ್ದರು, ಯಾರು ಮಲಗಿದ್ದರು ಎಂಬುದು ಅವಳಿಗೆ ನೆನಪಿತ್ತೋ, ಇಲ್ಲ ನನ್ನ ದನಿ ಕೇಳಿ ಹಾಗೆ ಹೇಳಿದಳೋ... ನಿಜವೇನಮ್ಮ ಎಂದು ಮತ್ತೊಮ್ಮೆ ಕೇಳುವ ಧೈರ್ಯ ನನಗೆ ಅವತ್ತೂ ಬರಲಿಲ್ಲ, ಇವತ್ತೂ ಇಲ್ಲ.