ಹುಲ್ಲೋ ಕಲ್ಲೋ

ನನ್ನ ಗಂಡ ಇಪ್ಪತ್ತೆರಡು ವರ್ಷ ಗಾರೆ ಕೆಲಸ ಮಾಡಿದವರು. ಹುಣಸೂರಿನಲ್ಲಿ ಒಂದು ಮನೆಯ ಹೊರಗೋಡೆಗೆ ಗಿಲಾವು ಮಾಡುತ್ತಿದ್ದಾಗ ಸಾರುವೆಯ ಗಂಟು ಬಿಚ್ಚಿಕೊಂಡು, ನಿಂತಿದ್ದ ಹಲಗೆಯ ಸಮೇತ ಎರಡು ಅಂತಸ್ತಿನಿಂದ ಕೆಳಗೆ ಬಿದ್ದರು. ಬೆನ್ನುಮೂಳೆ ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿ, ಪಿರಿಯಾಪಟ್ಟಣದ ನಮ್ಮ ಬಾಡಿಗೆ ಮನೆಗೆ ಬಂದಾಗ ಸೊಂಟದಿಂದ ಕೆಳಗೆ ಅವರ ಮಾತು ಕೇಳುವಂಥದ್ದು ಏನೂ ಉಳಿದಿರಲಿಲ್ಲ. ಅವರಿಗೆ ಆಗ ನಲವತ್ತೊಂದು, ನನಗೆ ಮೂವತ್ತಾರು. ಮಕ್ಕಳಿಲ್ಲ.

ನಾನು ಕೊಪ್ಪದ ಒಂದು ಟೈಲರ್ ಅಂಗಡಿಯಲ್ಲಿ ಹೊಲಿಯುತ್ತೇನೆ. ಪಕ್ಕದ ಟಿಬೆಟನ್ ಕ್ಯಾಂಪಿನ ಸನ್ಯಾಸಿಗಳ ಕೆಂಪು ಬಟ್ಟೆಯೇ ಅಲ್ಲಿ ಹೆಚ್ಚು. ಬೆಳಿಗ್ಗೆ ಗಂಡನಿಗೆ ಮೈ ಒರೆಸಿ, ಮಗ್ಗುಲು ಬದಲಿಸಿ, ತಟ್ಟೆಗೆ ಮುಚ್ಚಳ ಮುಚ್ಚಿ ಕೈಗೆಟುಕುವಲ್ಲಿ ಇಟ್ಟು ಎಂಟೂವರೆಯ ಬಸ್ಸು ಹತ್ತುತ್ತಿದ್ದೆ. ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಒಂದು ಸಲ ಇಣುಕಿ ನೋಡುತ್ತಿದ್ದರು. ಸಂಜೆ ನಾನು ಬರುವವರೆಗೂ ಅವರು ಮೇಲಿನ ತೊಲೆಗಳನ್ನು ನೋಡಿಕೊಂಡು ಮಲಗಿರುತ್ತಿದ್ದರು. ಯಾವ ತೊಲೆ ಎಷ್ಟು ಸೊಟ್ಟ ಇದೆ ಎಂದು ನನಗೆ ಹೇಳುತ್ತಿದ್ದರು. ಮೊದಮೊದಲು ಅಷ್ಟಾದರೂ ಮಾತಿತ್ತು.

ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಫಿಸಿಯೋಥೆರಪಿಯ ಹೆಂಗಸು ಒಂದು ದಿನ ನನ್ನ ಗಂಡನ ಫೋನಿಗೆ ಒಂದು ಆಟ ಹಾಕಿಕೊಟ್ಟರು. "ನೀವು ಮನೆ ಕಟ್ಟೋರಲ್ವಾ, ಇದರಲ್ಲೂ ಕಟ್ಟಬಹುದು. ಕೈಗೂ ಮನಸ್ಸಿಗೂ ಕೆಲಸ ಇರಲಿ" ಎಂದರು. ನನ್ನ ಫೋನಿಗೂ ಹಾಕಿ, ಇಬ್ಬರೂ ಒಂದೇ ಕಾಡಿನಲ್ಲಿ ಓಡಾಡುವ ಹಾಗೆ ಜೋಡಿಸಿದರು. ಆಟ ಇಷ್ಟೇ. ಬರಿಗೈಯಲ್ಲಿ ಒಂದು ಹೊಳೆಯ ದಡದಲ್ಲಿ ಎಚ್ಚರವಾಗುತ್ತದೆ. ಸುತ್ತ ಕಾಡು. ಹಣ್ಣು ಕಿತ್ತು ತಿನ್ನಬೇಕು, ನೀರು ಹುಡುಕಬೇಕು. ಆಟದ ಹಗಲು ಇಪ್ಪತ್ತು ನಿಮಿಷ. ಅಷ್ಟರೊಳಗೆ ತಲೆಯ ಮೇಲೊಂದು ಸೂರು ಮಾಡಿಕೊಳ್ಳದಿದ್ದರೆ ಆಟದ ಕತ್ತಲಲ್ಲಿ ಚಳಿ ಕೊಲ್ಲುತ್ತದೆ, ಇಲ್ಲವೇ ತೋಳ ಕೊಲ್ಲುತ್ತದೆ. ಸತ್ತರೆ ಕೂಡಿಟ್ಟಿದ್ದೆಲ್ಲ ಹೋಗಿ ಮತ್ತೆ ಅದೇ ದಡದಲ್ಲಿ ಎಚ್ಚರವಾಗುತ್ತದೆ. ಹುಲ್ಲನ್ನು ಬರಿಗೈಯಲ್ಲೇ ಕೀಳಬಹುದು. ಮರಕ್ಕೆ ಕೊಡಲಿ ಬೇಕು. ಕಲ್ಲಿನ ಗೋಡೆಗೆ ಮೊದಲು ಕಬ್ಬಿಣ ಹುಡುಕಿ ಗುದ್ದಲಿ ಮಾಡಿಕೊಳ್ಳಬೇಕು, ಅದಕ್ಕೆ ಆಟದ ಲೆಕ್ಕದಲ್ಲೇ ಎಷ್ಟೋ ದಿನ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಬರುತ್ತಿದ್ದ ಇದನ್ನೆಲ್ಲ ನಾನು ಓದಿ ಹೇಳಿದೆ.

"ಕಲ್ಲಿಂದೇ ಕಟ್ಟೋದು" ಎಂದರು ಅವರು.

"ಮೊದ್ಲು ಉಲ್ಲಿಂದು ಒಂದ್ ಗುಡ್ಲು ಆಕ್ಕಳಾನ ಕಣ್ರೀ. ಕಲ್ಲು ಆಮೇಲೆ ನೋಡುದ್ರಾಯ್ತು."

"ಉಲ್ಲು ನೀನ್ ಆಕ್ಕೊ. ನಾನ್ ಒಳಕ್ಕೆ ಬರಕ್ಕಿಲ್ಲ."

ನಾನು ಹುಟ್ಟಿದ್ದು ಸಾಲಿಗ್ರಾಮದ ಹತ್ತಿರದ ಹಳ್ಳಿಯಲ್ಲಿ. ಭತ್ತ ಕಾಯಲು ಅಪ್ಪ ಗದ್ದೆಯಲ್ಲಿ ಹಾಕುತ್ತಿದ್ದ ಹುಲ್ಲಿನ ಗುಡಿಸಲಲ್ಲಿ ಆಡಿ ಬೆಳೆದವಳು. ಹುಲ್ಲೆಂದರೆ ನನಗೆ ತಾತ್ಸಾರವಿಲ್ಲ. ಮೊದಲ ಹಗಲಿನಲ್ಲೇ ಹುಲ್ಲು ಕಿತ್ತು ನಾಲ್ಕು ಗೋಡೆ, ಒಂದು ಮಾಡು ಮಾಡಿಕೊಂಡೆ. ಅವರು ಬೆಟ್ಟದ ಕಡೆ ಕಬ್ಬಿಣ ಹುಡುಕಿಕೊಂಡು ಹೋದರು. ಕತ್ತಲಾಯಿತು. ನನ್ನ ಗುಡಿಸಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಆಟದೊಳಗಿನ ಅವರ ಆಳು ನಡುಗುತ್ತಾ ನಿಂತಿತ್ತು. "ಬನ್ರೀ ಒಳಕ್ಕೆ" ಎಂದೆ. ಬರಲಿಲ್ಲ. ಸತ್ತರು. ಮತ್ತೆ ದಡದಲ್ಲಿ ಎದ್ದರು, ಮತ್ತೆ ಬೆಟ್ಟಕ್ಕೆ ಹೋದರು, ಮತ್ತೆ ಸತ್ತರು. ಒಂದು ವಾರ ಪ್ರತಿ ಸಂಜೆ ಇದೇ ನಡೆಯಿತು. ಮೊದಲೆರಡು ದಿನ ನಗುತ್ತಿದ್ದೆವು. ಆಮೇಲೆ ನನಗೆ ನಗು ಬರಲಿಲ್ಲ.

ಯಾಕೆಂದರೆ ಇದನ್ನು ನಾನು ಮೊದಲೇ ನೋಡಿದ್ದೆ. ಊರಾಚೆ ನಮಗೊಂದು ಸೈಟಿತ್ತು. ತಗೊಂಡು ಆರು ವರ್ಷವಾಗಿತ್ತು. ಎರಡು ರೂಮು ಎಬ್ಬಿಸಿ ಮೇಲೆ ಶೀಟು ಹಾಕಿಕೊಂಡು ಹೋಗಿಬಿಡೋಣ ಎಂದು ನಾನು ಪ್ರತಿ ಬೇಸಿಗೆಯಲ್ಲೂ ಹೇಳಿದ್ದೆ. ಕೇಳಲಿಲ್ಲ. ಕಲ್ಲಿನ ಗೋಡೆಯೇ ಆಗಬೇಕು ಎಂದು ಹಟ. ಎಚ್.ಡಿ. ಕೋಟೆ ಕಡೆಯ ಕ್ವಾರಿಯಿಂದ ಒಂದೊಂದು ಲೋಡು ತರಿಸಿ, ಭಾನುವಾರ ಭಾನುವಾರ ಸೈಟಿನಲ್ಲಿ ಕೂತು ತಾವೇ ಕಲ್ಲು ಹದ ಮಾಡುತ್ತಿದ್ದರು. ಪ್ರತಿ ಕಲ್ಲಿನ ಒಂದು ಮೂಲೆಯಲ್ಲಿ ಉಳಿಯಿಂದ ಮೂರು ಗೀರು ಎಳೆಯುತ್ತಿದ್ದರು, ಅದು ಅವರ ಗುರುತು. ಮೂರೂ ಒಂದೇ ಅಳತೆ, ಒಂದೇ ಓರೆ. ರಾಶಿ ಬೆಳೆಯಿತು, ಗೋಡೆ ಏಳಲಿಲ್ಲ. ಊರಿನವರ ಮನೆಗಳಿಗೆಲ್ಲ ಇಟ್ಟಿಗೆ ಜೋಡಿಸಿ ಬಂದು ನಮ್ಮ ಬಾಡಿಗೆ ಮನೆಯಲ್ಲಿ ಮಲಗುತ್ತಿದ್ದರು.

ಎಂಟನೆಯ ದಿನ ಆಟದಲ್ಲಿ ತೋಳಗಳು ಅವರನ್ನು ನನ್ನ ಬಾಗಿಲ ಮುಂದೆಯೇ ಕೊಂದವು. ನನಗೆ ತಡೆಯಲಾಗಲಿಲ್ಲ.

"ಆರು ವರ್ಷ ಇಂಗೇ ಮಾಡುದ್ರಿ! ಕಲ್ಲು ಕಲ್ಲು ಅಂತ. ಶೀಟಿನ್ ಮನೇನಾದ್ರೂ ಆಗಿದ್ದಿದ್ರೆ ಇವತ್ತು ನಮ್ದು ಅಂತ ಒಂದು ಜಾಗದಲ್ಲಿ ಮಲ್ಗಿರ್ತಿದ್ರಿ" ಎಂದೆ.

ಅವರು ಫೋನನ್ನು ಎದೆಯ ಮೇಲೆ ಮಗುಚಿ ಇಟ್ಟುಕೊಂಡರು.

"ನನ್ ತಂಗಿ ಎಂಗ್ ಸತ್ತೋದ್ಲು ಗೊತ್ತಾ ನಿಂಗೆ?"

ಜ್ವರ ಬಂದು ಎಂದು ಅತ್ತೆ ಹೇಳಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷ ನಾನು ಹಾಗೆಂದೇ ತಿಳಿದಿದ್ದೆ.

"ಜ್ವರ ಅಲ್ಲ ಕಣೆ. ಎಚ್.ಡಿ. ಕ್ವಾಟೆ ಕಡೆ ನಮ್ಮೂರಾಗೆ ಇದ್ದುದ್ದು ಮಣ್ಗೋಡೆ. ಮಳೆ ಇಡ್ದು ನಾಕ್ ದಿನ ಆಗಿತ್ತು. ಗೋಡೆ ಉಬ್ಬಿತ್ತು, ನಾನೇ ನೋಡಿದ್ದೆ. ನಂಗೆ ಒಂಬತ್ತು ವರ್ಸ, ಯಾರ್ಗೂ ಏಳ್ಲಿಲ್ಲ. ಗೋಡೆ ಮಗ್ಗುಲಿಗೆ ಮಲ್ಗಿದ್ಲು. ಬೆಳಗ್ಗೆ ಎಲ್ರೂ ಸೇರಿ ಮಣ್ಣು ತೆಗದ್ರು."

ಅಷ್ಟು ಹೇಳಿ ಫೋನು ತೆಗೆದುಕೊಂಡು ಮತ್ತೆ ದಡದಿಂದ ಶುರು ಮಾಡಿದರು. ನಾನು ಅಡುಗೆಮನೆಗೆ ಹೋಗಿ ಕೂತೆ. ಕಲ್ಲೇ ಯಾಕೆ ಎಂಬ ಒಂದು ಮಾತಿಗಾಗಿ ಆರು ವರ್ಷ ಜಗಳವಾಡಿದ್ದೆ, ಆ ಮಾತು ಅವರ ಬಾಯಿಂದ ಬರುವಷ್ಟರಲ್ಲಿ ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಮರುದಿನದಿಂದ ನಾನು ವಾದ ಮಾಡಲಿಲ್ಲ. ನನ್ನ ಹುಲ್ಲಿನ ಗೋಡೆಗಳನ್ನು ಕಿತ್ತು ಮರದ ಹಲಗೆ ಕೂರಿಸಿದೆ. ಮರಕ್ಕೆ ಅವರು ಒಪ್ಪಿದರು, ಒಳಗೆ ಬಂದರು. ಬೆಂಕಿ ಹಾಕಿಕೊಂಡು ಆಟದ ಕತ್ತಲನ್ನು ಕಳೆದೆವು. ಕೊನೆಗೂ ಕಬ್ಬಿಣ ಸಿಕ್ಕಿತು. ನಾನು ಅಂಗಡಿಯಲ್ಲಿರುವಾಗ ಹಗಲೆಲ್ಲ ಅವರು ಗುದ್ದಲಿ ಹಿಡಿದು ಕಲ್ಲು ಕೂಡಿಸುತ್ತಿದ್ದರು. ಪಾಯವೇ ಇಲ್ಲದೆ ಅಲ್ಲಿ ಗೋಡೆ ನಿಲ್ಲುತ್ತದೆ ಎನ್ನುವುದು ಅವರಿಗೆ ಸಹಿಸಲಾಗದ ಮಾತಾಗಿತ್ತು. ಬೇಕಿಲ್ಲದಿದ್ದರೂ ನೆಲ ಅಗೆದು ಕೆಳಗೆ ಎರಡು ಸಾಲು ಕಲ್ಲು ಕೂರಿಸಿದರು. ಬಾಗಿಲು ಪೂರ್ವಕ್ಕೆ, ಅಡುಗೆಮನೆ ಆಗ್ನೇಯಕ್ಕೆ, ನನ್ನ ಹೊಲಿಗೆ ಯಂತ್ರಕ್ಕೆ ಕಿಟಕಿ ಪಕ್ಕ ಜಾಗ. ನಮ್ಮ ಸೈಟಿನ ನಕ್ಷೆ ಅದು, ನನಗೆ ಕಣ್ಣಿಗೆ ಕಟ್ಟಿದಂತಿತ್ತು.

"ನಮ್ ಕಲ್ಲು ಮಾತ್ರ ಉಸಾರಾಗ್ ನೋಡ್ಕ. ಒಂದ್ ನಾಕು ಆಳಿಟ್ರೆ ನಾನ್ ಕುರ್ಚಿ ಮ್ಯಾಲೆ ಕೂತ್ಕಂಡೇ ಇಂಗಿಂಗೆ ಅಂತ ಏಳಿ ಕಟ್ಟುಸ್ತೀನಿ" ಎಂದು ಒಂದು ಸಂಜೆ ಹೇಳಿದರು. ಬಿದ್ದ ಮೇಲೆ ಅವರ ಬಾಯಲ್ಲಿ ಮುಂದಿನ ದಿನಗಳ ಮಾತು ಬಂದದ್ದು ಅದೇ ಮೊದಲು.

ಆ ಭಾನುವಾರ ಸೈಟಿಗೆ ಹೋದೆ. ಅವರು ಬಿದ್ದ ದಿನದಿಂದ, ಎಂಟು ತಿಂಗಳು, ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಪಾರ್ಥೇನಿಯಂ ಎದೆಯೆತ್ತರಕ್ಕೆ ಬೆಳೆದಿತ್ತು. ರಾಶಿ ಇದ್ದ ಜಾಗದಲ್ಲಿ ಹತ್ತು ಹನ್ನೆರಡು ಮುಕ್ಕಾದ ಕಲ್ಲು, ಒಂದಿಷ್ಟು ಚೂರು. ಉಳಿದದ್ದು ಏನೂ ಇಲ್ಲ. ಮೊದಲು ಬೇರೆ ಸೈಟಿಗೆ ಬಂದೆನೇನೋ ಅಂದುಕೊಂಡೆ. ಆಮೇಲೆ ಎರಡು ಸೈಟು ಆಚೆಗೆ ಹೊಸದಾಗಿ ಎದ್ದಿದ್ದ ಕಾಂಪೌಂಡು ಕಂಡಿತು. ಹತ್ತಿರ ಹೋಗಿ ನೋಡಿದೆ. ಕೆಲವು ಕಲ್ಲುಗಳ ಮೂಲೆಯಲ್ಲಿ ಮೂರು ಗೀರು. ಕೆಲವನ್ನು ತಲೆಕೆಳಗಾಗಿ ಇಟ್ಟಿದ್ದರು.

ಗೇಟು ತಟ್ಟಿದೆ. ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಇವು ನಮ್ಮ ಕಲ್ಲು ಎಂದೆ.

"ಸುಮ್ನೆ ಬಿದ್ದಿದ್ವು ಕಣಕ್ಕ. ಎಲ್ರೂ ತಗೊಂಡೋದ್ರು, ನಾವೂ ಒಂದಿಷ್ಟು ತಂದ್ವಿ. ಯಾರೂ ಕೇಳೋರೇ ಇರ್ಲಿಲ್ವಲ್ಲ" ಎಂದಳು. ಕೆಟ್ಟವಳಂತೆ ಕಾಣಲಿಲ್ಲ. ಒಳಗೆ ಬನ್ನಿ, ಕಾಫಿ ಕುಡೀರಿ ಎಂದೂ ಕರೆದಳು. ಜಗಳವಾಡಬೇಕೆಂದು ಹೋದವಳು ಗೇಟಿನಿಂದಲೇ ಹಿಂದಿರುಗಿದೆ. ಯಾರೂ ಕೇಳುವವರಿರಲಿಲ್ಲ ಎಂಬುದು ನಿಜವೇ ಆಗಿತ್ತು.

ಮನೆಗೆ ಬಂದಾಗ ಅವರು ಕೇಳಿದರು, "ಕಲ್ಲೆಲ್ಲ ಅವಾ?"

"ಅವೆ" ಎಂದೆ. "ಗಿಡ ಬೆಳಕಂಡದೆ ಅಷ್ಟೇಯ."

ಆ ಒಂದು ಸುಳ್ಳಿನ ಮೇಲೆ ನಾಲ್ಕು ತಿಂಗಳು ನಡೆಯಿತು. ಅವರು ಫೋನಿನಲ್ಲಿ ಗೋಡೆ ಎಬ್ಬಿಸಿದರು, ಬಿಚ್ಚಿದರು, ಮತ್ತೆ ಎಬ್ಬಿಸಿದರು. ಯಾವ ಆಳು ಬೇಕು, ಎಷ್ಟು ಮರಳು ಬೇಕು ಎಂದು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ತಟ್ಟೆ ಖಾಲಿ ಮಾಡುತ್ತಿದ್ದರು, ತೋಳಿನ ವ್ಯಾಯಾಮ ಬಿಡದೆ ಮಾಡುತ್ತಿದ್ದರು. ಕುರ್ಚಿಯಲ್ಲಿ ಅರ್ಧ ಗಂಟೆ ಕೂರುವಷ್ಟಾದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಲೇ ಇದ್ದೆ. ಅವರ ಕೈ ಗೋಡೆ ಕಟ್ಟುವುದನ್ನು ನೋಡಿದರೆ ಬಾಯಿ ಬರುತ್ತಿರಲಿಲ್ಲ.

ಹೇಳಿದ್ದು ಬೇರೆಯವರು. ನನ್ನ ಗಂಡನ ಜೊತೆ ಹತ್ತು ವರ್ಷ ಕೆಲಸ ಮಾಡಿದ್ದ ಇನ್ನೊಬ್ಬ ಗಾರೆಯಾಳು ಬಾಳೆಹಣ್ಣು ಹಿಡಿದು ನೋಡಲು ಬಂದ. ಮಾತಿಗೆ ಮಾತು ಬಂದು, "ನಿನ್ ಕಲ್ಲಿಗೆ ಇಂಗಾಗ್ಬಾರ್ದಿತ್ತು ಕಣಣ್ಣ. ನಾನ್ ಊರಲ್ಲಿದ್ದಿದ್ರೆ ಒಂದುನ್ನೂ ಮುಟ್ಟಕೆ ಬುಡ್ತಿರ್ಲಿಲ್ಲ" ಎಂದ. ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. ಕಾಫಿ ಮುಟ್ಟದೆ ಎದ್ದು ಹೋದ.

ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ.

"ಏನ್ ಕಟ್ಟವ್ರೆ?"

"ಕಾಂಪೌಂಡು."

"ನೀಟಾಗ್ ಕಟ್ಟವ್ರಾ?"

ತಲೆಕೆಳಗಾಗಿ ಇಟ್ಟ ಕಲ್ಲುಗಳು ಕಣ್ಣ ಮುಂದೆ ಬಂದವು. "ನೀಟಾಗವೆ" ಎಂದೆ. ಅದೂ ಸುಳ್ಳು ಎಂದು ಅವರಿಗೆ ಗೊತ್ತಾಯಿತು ಅನಿಸುತ್ತದೆ.

ಸ್ವಲ್ಪ ಹೊತ್ತಿಗೆ ಫೋನು ನನ್ನ ಕಡೆ ಚಾಚಿ, ಇದನ್ನು ಅಳಿಸುವುದು ಎಲ್ಲಿ ಎಂದು ಕೇಳಿದರು. ಬೇಡ ಎಂದೆ. "ಓದಿ ಏಳು" ಎಂದರು. ಈ ಲೋಕವನ್ನು ಅಳಿಸಿದರೆ ಮತ್ತೆ ಸಿಗುವುದಿಲ್ಲ, ಖಂಡಿತವೇ ಎಂದು ಕೇಳುತ್ತಿದೆ ಎಂದು ಓದಿ ಹೇಳಿದೆ. ಯಾವುದು ಹೌದು ಎಂದು ಕೇಳಿದರು. ತೋರಿಸಿದೆ. ತಾವೇ ಒತ್ತಿದರು. ಮನೆ, ಕಿಟಕಿ, ಬೆಂಕಿಗೂಡು, ನೆಲದೊಳಗಿನ ಯಾರಿಗೂ ಕಾಣದ ಎರಡು ಸಾಲು ಕಲ್ಲು ಎಲ್ಲ ಹೋಯಿತು. ಒಂದು ಕ್ಷಣವೂ ಹಿಡಿಯಲಿಲ್ಲ.

"ಕ್ಷಮ್ಸಿ" ಎಂದೆ.

"ನೀನೇನ್ ಮಾಡುದ್ದೀಯೆ, ಬುಡು. ಮಗ್ಗುಲು ಬದ್ಲಾಯ್ಸು" ಎಂದರು. ಗೋಡೆಯ ಕಡೆ ತಿರುಗಿಸಿ ಮಲಗಿಸಿದೆ.

ಆಮೇಲೆ ವ್ಯಾಯಾಮ ನಿಂತಿತು. ಫಿಸಿಯೋಥೆರಪಿಯವರು ಎರಡು ಸಲ ಬಂದು, ಕೈ ಎತ್ತದವರಿಗೆ ನಾನೇನು ಮಾಡಲಿ ಎಂದು ಬೇಸರದಿಂದ ಹೇಳಿ ಹೋದರು. ಸೊಂಟದ ಹತ್ತಿರ ಹುಣ್ಣಾಯಿತು. ಆರೈಕೆ ಮಾಡಿದರೆ ಮಾಯುತ್ತದೆ, ಮತ್ತೆ ಆಗುತ್ತದೆ.

ಒಂದು ದಿನ ಹೆದರುತ್ತಲೇ, ಸೈಟಿನಲ್ಲಿ ಸಿಮೆಂಟಿನ ಇಟ್ಟಿಗೆಯ ಗೋಡೆ ಎಬ್ಬಿಸಿ ಶೀಟು ಹಾಕಿಸಲೇ ಎಂದು ಕೇಳಿದೆ. ಸಿಟ್ಟಾಗಲಿ, ಆಗಲ್ಲ ಎನ್ನಲಿ ಎಂದು ಒಳಗೊಳಗೇ ಬೇಡಿಕೊಂಡೆ.

"ಆಕುಸ್ಕ" ಎಂದರು. ಕಣ್ಣು ಕೂಡ ತೆರೆಯಲಿಲ್ಲ.

ಹಾಕಿಸಿದೆ. ಕಳೆದ ಬೇಸಿಗೆಯಲ್ಲಿ ಗೂಡ್ಸ್ ಆಟೋದಲ್ಲಿ ಹಾಸಿಗೆಯ ಸಮೇತ ಅವರನ್ನು ಕರೆತಂದೆ. ಬಾಗಿಲು ದಾಟುವಾಗ ಸಿಮೆಂಟಿನ ಇಟ್ಟಿಗೆಯ ಸಾಲು ಓರೆಯಾಗಿತ್ತು, ನನ್ನ ಕಣ್ಣಿಗೇ ಕಾಣುವಷ್ಟು. ಅವರು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಒಂದೇ ಒಂದು ಮಾತು ಬಯ್ಯಲಿ ಎಂದು ನಾನು ಬೇಕೆಂದೇ ಅಲ್ಲೇ ನಿಂತಿದ್ದೆ. ಮಧ್ಯಾಹ್ನ ಶೀಟು ಕಾದು ಒಳಗೆ ಕೂರಲಾಗುವುದಿಲ್ಲ. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಕೇಳಬೇಕಾದ ಮಾತೂ ಹೆಚ್ಚಿಲ್ಲ.

ನಮ್ಮದು ಎನ್ನುವ ಜಾಗಕ್ಕೆ ಬಂದೆವು ಎಂದು ಅಂಗಡಿಯಲ್ಲಿ ಜೊತೆಯವರಿಗೆ ಸಿಹಿ ಹಂಚಿದೆ. ಕೆಂಪು ಬಟ್ಟೆಯ ಮೇಲೆ ಹೊಲಿಗೆ ಓಡಿಸುವಾಗ ಎಷ್ಟೋ ಸಲ ಮನಸ್ಸಿನಲ್ಲಿ ಲೆಕ್ಕ ಹಾಕುತ್ತೇನೆ: ಆ ಎಂಟು ತಿಂಗಳಲ್ಲಿ ಒಂದು ಸಲ ಹೋಗಿ ನೋಡಿದ್ದಿದ್ದರೆ? ಆ ಭಾನುವಾರವೇ ನಿಜ ಹೇಳಿದ್ದಿದ್ದರೆ? ಯಾವ ಕಡೆಯಿಂದ ಯೋಚಿಸಿದರೂ ಅವರು ಗೋಡೆಯ ಕಡೆ ತಿರುಗಿಯೇ ಮಲಗಿರುತ್ತಾರೆ.

ನಿನ್ನೆ ಸಂಜೆ ಬಂದು ಬೀಗ ತೆಗೆದೆ. ಬೆಳಿಗ್ಗೆ ಮುಚ್ಚಿಟ್ಟು ಹೋದ ತಟ್ಟೆ ಮುಚ್ಚಿದ ಹಾಗೇ ಇತ್ತು. "ಉಣ್ಲಿಲ್ವಾ?" ಎಂದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೊದಿಕೆ ಮೇಲಕ್ಕೆ ಎಳೆದುಕೊಂಡರು. ಮುದ್ದೆ ಗಟ್ಟಿಯಾಗಿತ್ತು. ಅದನ್ನು ಹೊರಗೆ ಹಾಕಿ, ಕೈ ತೊಳೆದುಕೊಂಡು, ಒಲೆ ಹೊತ್ತಿಸಿದೆ.