ಅಕ್ಕನ ಬಾಜೂಕ ಒಂದು ಕುರ್ಚಿ

ನನ್ನ ಎರಡೂ ಮೊಣಕಾಲು ಬದಲಿಸಿದ ಡಾಕ್ಟರು ಮನೆಗೆ ಕಳಿಸುವಾಗ ಹೇಳಿದ್ದರು: "ಅಡ್ಡಾಡ್ರಿ, ಮೆಟ್ಲಾ ಹತ್ರಿ, ಬಸ್ ಹತ್ರಿ. ನೆಲದ ಮ್ಯಾಲ ಮಾತ್ರ ಕುಂದರಬ್ಯಾಡ್ರಿ." ಆಗ ಅದು ಭಾರೀ ಲಾಭದ ವ್ಯಾಪಾರ ಅನ್ನಿಸಿತ್ತು. ಆಪರೇಷನ್ನಿಗೆ ಮೊದಲು ಬೆಳಗಾವಿಯ ನಮ್ಮ ಮನೆಯ ಹೊಸ್ತಿಲು ದಾಟಲಿಕ್ಕೂ ಗೋಡೆ ಹಿಡಿಯುತ್ತಿದ್ದವಳು ನಾನು. ಈಗ ರವಿವಾರ ಪೇಟೆಯ ಗದ್ದಲದಲ್ಲಿ ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಬೆಲ್ಲ ತರುತ್ತೇನೆ. ಅಡ್ಡ ಬಂದವರನ್ನು ಬೈಯುತ್ತೇನೆ ಕೂಡ.

ಖಾನಾಪುರದಲ್ಲಿದ್ದ ನನ್ನ ಅಕ್ಕನ ಮೊಣಕಾಲೂ ಅಷ್ಟೇ ಸವೆದಿದ್ದವು. ಅವಳು ಮಾತ್ರ ಆಪರೇಷನ್ ಒಲ್ಲೆ ಅಂದಳು. ನೋವು ಎಷ್ಟೇ ಇರಲಿ, ದಿನಾ ಬೆಳಿಗ್ಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಿದರೇ ಅವಳಿಗೆ ಬೆಳಗಾದಂತೆ. ನಾನು ಕುರ್ಚಿಯಲ್ಲಿ ಕುಳಿತು ಪೂಜೆ ಮಾಡುವುದನ್ನು ನೋಡಿ, "ಏನವಾ, ಶಿವನ ಮುಂದೂ ತಹಶೀಲ್ದಾರರ ಗತೆ ಕುಂದರತಿ?" ಎಂದು ಚೇಷ್ಟೆ ಮಾಡಿದ್ದಳು.

"ನೀ ಅಲ್ಲೇ ಕುಂದ್ರು. ನಾ ಊರೆಲ್ಲಾ ಅಡ್ಡಾಡಿ ಬರ್ತೀನಿ," ಅಂದೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಾವಿಬ್ಬರೂ ಮೊದಲಿನಿಂದ ಹಾಗೇ. ಕೊನೆಕೊನೆಗೆ ಅವಳು ಅಂಗಳಕ್ಕೂ ಇಳಿಯಲಿಲ್ಲ. ಭೆಟ್ಟಿಯಾಗಬೇಕೆಂದರೆ ನಾನೇ ಬಸ್ ಹತ್ತಿ ಹೋಗಬೇಕಿತ್ತು. ಹೋಗುತ್ತಿದ್ದೆ.

ಹೋದ ಮಳೆಗಾಲದಲ್ಲಿ ಅವಳು ಲಿಂಗೈಕ್ಯಳಾದಳು. ನಾನು ಊರು ಮುಟ್ಟುವಷ್ಟರಲ್ಲಿ ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಒರಗಿಸಿ, ಕಾಲು ಮಡಚಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಹೊಸ ಇಳಕಲ್ ಸೀರೆ. ಹೆಂಗಸರು ಸುತ್ತಲೂ ನೆಲದ ಮೇಲೆ ಕೂತಿದ್ದರು. ಅವರ ನಡುವೆ, ಅಕ್ಕನ ಮಗ್ಗುಲಿಗೇ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು.

ನನಗೆ ಬೇಕಾದದ್ದು ಇಷ್ಟೇ: ಎತ್ತುವ ಮೊದಲು ಒಂದು ಸಲ ಅವಳ ಹೆಗಲಿಗೆ ಹೆಗಲು ತಾಗಿಸಿ ಕೂಡಬೇಕು. ಕುರ್ಚಿಯಿಂದ ಬಗ್ಗಿದರೆ ತಲೆಯ ಮೇಲಿನ ಸೆರಗು ಮಾತ್ರ ಕೈಗೆ ಸಿಗುತ್ತಿತ್ತು. ಬಂದವರು ಅವಳ ಪಾದ ಮುಟ್ಟಿ ತಲೆ ಎತ್ತಿದರೆ ಎದುರಿಗೆ ನನ್ನ ಮೊಣಕಾಲು. ಒಬ್ಬ ಅಜ್ಜಿ ಗಡಿಬಿಡಿಯಲ್ಲಿ ನನಗೂ ಕೈ ಮುಗಿದಳು. ಸತ್ತವಳು ನೆಟ್ಟಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ, ಬದುಕಿರುವವಳಿಗೆ ಅದು ಬರುವುದಿಲ್ಲ. ಥೂ, ಇದೆಂಥ ಕಾಲು ಎಂದು ಸಿಟ್ಟು ಬಂತು.

ಹೊರಗೆ ಭಜನೆಯವರು ತಾಳ ಹಿಡಿದರು. ಅವಳನ್ನು ಹೊತ್ತೊಯ್ಯುವ ವಿಮಾನಕ್ಕೆ ಹೂ ಕಟ್ಟಿ ಮುಗಿದಿತ್ತು.

"ನನ್ನ ಕೆಳಗ ಕೂಡಸ್ರಿ," ಅಂದೆ.

"ಬ್ಯಾಡ್ರಿ ಚಿಗವ್ವಾ, ಕಾಲಿಗೆ ಏನರೆ ಆದೀತು," ಅಂದಳು ಅಕ್ಕನ ಮಗಳು.

"ಆದರ ಆಗಲಿ. ಹಿಡಿ ರಟ್ಟಿ."

ನಾಲ್ಕು ಜನ ಸೇರಿ ಇಳಿಸಿದರು. ಮಡಚಲು ಬಾರದ ಕಾಲುಗಳನ್ನು ಬಂದವರ ಕಡೆಗೇ ಚಾಚಿಕೊಂಡು, ನಾಚಿಕೆ ಬಿಟ್ಟು, ಅಕ್ಕನ ಹೆಗಲಿಗೆ ಒರಗಿದೆ. ಅವಳ ಮಡಚಿದ ಮೊಣಕಾಲಿನ ಮೇಲೆ ಕೈ ಇಟ್ಟೆ. ಅಲ್ಲಿ ಯಾರ ಕೈ ತಾಗಿದರೂ "ಮುಟ್ಟಬ್ಯಾಡ, ಬ್ಯಾನಿ ಆಗತೈತಿ" ಎಂದು ನೋವಿಗೆ ಚೀರುತ್ತಿದ್ದಳು. ಗಟ್ಟಿಯಾಗಿ ಒತ್ತಿದೆ. ಅವಳು ಸುಮ್ಮನೇ ಕೂತಿದ್ದಳು.