ಹಾಲೇಶಿಯ ಹೆಬ್ಬೆರಳು

ಪೈಲ್ವಾನ್ ಹಾಲೇಶಿಯ ಬಲಗೈ ಮುರಿದವನು ನಾನು. ಅದನ್ನು ಒಂದು ಕಾರು ಮುರಿಯಿತು ಎಂದು ದಾವಣಗೆರೆಯವರು ನಂಬಿದ್ದಾರೆ. ತನ್ನದೇ ತಪ್ಪಿನಿಂದ ಮುರಿಯಿತು ಎಂದು ಹಾಲೇಶಿ ನಂಬಿದ್ದಾನೆ. ಎರಡೂ ಸುಳ್ಳು, ಎರಡನ್ನೂ ಹುಟ್ಟಿಸಿದವನು ನಾನೇ. ಕೋಪದಲ್ಲಿ ಕೈ ಮೀರಿ ಆದದ್ದಲ್ಲ — ಬೆಳಿಗ್ಗೆ ಎದ್ದು, ಗಡ್ಡ ಹೆರೆದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ತಣ್ಣಗಿನ ಮನಸ್ಸಿನಿಂದ ಮಾಡಿದ್ದು.

ಊರಿನಲ್ಲಿ ನನ್ನನ್ನು ಪಲ್ಟನ್ ಮೇಸ್ತ್ರಿ ಅನ್ನುತ್ತಾರೆ. ಮೀಸೆ ಬರುವ ಮೊದಲೇ ಸೈನ್ಯ ಸೇರಿ, ಪೂನಾದ ವರ್ಕ್‌ಶಾಪಿನಲ್ಲಿ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿತವನು. ಅಲ್ಲಿ ಸ್ಪ್ಯಾನರುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಡಬೇಕಿತ್ತು; ತೆಗೆದದ್ದನ್ನು ಒರೆಸಿ ಅದೇ ಜಾಗಕ್ಕೆ ಮರಳಿಸಬೇಕಿತ್ತು. ಜಾಗ ತಪ್ಪಿದರೆ ಹವಾಲ್ದಾರ ಅದೇ ಸ್ಪ್ಯಾನರಿನಿಂದ ಬೆರಳಿನ ಗಿಣ್ಣಿಗೆ ಹೊಡೆಯುತ್ತಿದ್ದ. ನಾನು ಹೊಡೆಸಿಕೊಂಡೆ, ಕಲಿತೆ. ತಪ್ಪು ಮಾಡಿದವನಿಗೆ ನೋವಾಗಬೇಕು, ಆಗಲೇ ಅವನು ಸರಿಹೋಗುತ್ತಾನೆ ಎನ್ನುವುದನ್ನೂ ಅಲ್ಲೇ ಕಲಿತೆ. ಈ ಮಾತನ್ನು ನನ್ನ ಸಮರ್ಥನೆಗಾಗಿ ಹೇಳುತ್ತಿಲ್ಲ. ನನ್ನ ಜೊತೆ ಅದೇ ಏಟು ತಿಂದ ಉಳಿದವರು ಯಾರ ಕೈಯನ್ನೂ ಮುರಿಯಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮೂರ ಹತ್ತಿ ಸಾಹುಕಾರರೊಬ್ಬರು ನನ್ನನ್ನು ಕರೆಸಿ, ಆವರಗೆರೆ ದಾರಿಯಲ್ಲಿದ್ದ ತಮ್ಮ ಗೋದಾಮಿಗೆ ಕರೆದುಕೊಂಡು ಹೋದರು. ಹಳೆ ಹತ್ತಿ ಅಂಡಿಗೆಗಳ ಹಿಂದೆ ಒಂದು ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ನಿಂತಿತ್ತು. ಎರಡೇ ಸೀಟು, ಉದ್ದ ಮೂತಿ, ತಂತಿ ಕಡ್ಡಿಯ ಚಕ್ರ, ಹೊರಗೆ ಉಬ್ಬಿದ ಎರಡು ದೀಪ. ದೇಶ ಬಿಟ್ಟು ಹೊರಟ ದೊರೆಯೊಬ್ಬನಿಂದ ಹುರುಪಿನಲ್ಲಿ ಕೊಂಡದ್ದು, ಒಂದು ಮಳೆಗಾಲ ಓಡಿಸಿ ಮೂಲೆಗೆ ತಳ್ಳಿದ್ದು. ಹಮಾಲರು ಅದಕ್ಕೆ ಕಪ್ಪೆ ಕಾರು ಎಂದು ಹೆಸರಿಟ್ಟಿದ್ದರು. ಕಾವಲುಗಾರನ ಕೋಳಿ ಸೀಟಿನ ಮೇಲೆ ಕಾವಿಗೆ ಕೂತಿತ್ತು. ಬಾನೆಟ್ ಎತ್ತಿದರೆ ಒಳಗೆಲ್ಲ ಇಲಿ ಗೂಡು. ಪಿಸ್ಟನ್ನುಗಳು ತುಕ್ಕಿಗೆ ಕಚ್ಚಿಕೊಂಡು ಎಂಜಿನ್ ಕಲ್ಲಾಗಿತ್ತು.

"ಇದು ಎದ್ದು ಓಡತೈತೇನಪಾ ಮೇಸ್ತ್ರಿ? ಕೋಳಿಗೂಡು ಇಟ್ಟೀಯಂತ ಬಜಾರದಾಗ ನಗ್ತಾರ," ಎಂದರು ಸಾಹುಕಾರರು.

"ಓಡತೈತ್ರಿ. ಅವಸರ ಮಾಡಬಾರದು ಅಷ್ಟೇ."

ಭಾರ ಎತ್ತಲು, ನೂಕಲು ಅವರು ಹಾಲೇಶಿಯನ್ನು ಕಳಿಸಿದರು. ಅವನು ಸಾಹುಕಾರರ ಪ್ರೀತಿಯ ಪೈಲ್ವಾನ. ಗರಡಿಮನೆಯಲ್ಲಿ ಅವನ ಹಾಲು-ಬಾದಾಮಿಯ ಖರ್ಚು ಅವರದು. ತಾಯಿ ಹನುಮವ್ವನ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಅಕ್ಕಿ ಹುರಿದು ಹುರಿದು ಅವನ ಮಣಿಕಟ್ಟು ಕಬ್ಬಿಣವಾಗಿತ್ತು. ಅವನು ಎದುರಾಳಿಯ ಕೈ ಹಿಡಿದರೆ ಬಿಡಿಸಿಕೊಂಡವರಿಲ್ಲ ಎನ್ನುತ್ತಿದ್ದರು. ಆ ಸಲ ಹರಿಹರದಲ್ಲಿ ದೊಡ್ಡ ಕುಸ್ತಿ — ಕೊಲ್ಲಾಪುರದ ಪೈಲ್ವಾನನೊಬ್ಬನ ಎದುರು ಹಾಲೇಶಿಗೆ ಜೋಡಿ ನಿಗದಿಯಾಗಿತ್ತು. ಗೆದ್ದರೆ ಅವನ ಹೆಸರು ಬೆಳಗಾವಿಯವರೆಗೆ ಹೋಗುತ್ತಿತ್ತು.

ಅವನು ತಡವಾಗಿ ಬರುತ್ತಿದ್ದ. ಮೈಯೆಲ್ಲ ಗರಡಿಯ ಕೆಮ್ಮಣ್ಣು, ಬಾಯಲ್ಲಿ ಶಿಳ್ಳೆ. ನನ್ನ ಸ್ಪ್ಯಾನರಿನಿಂದ ಬೆನ್ನು ಕೆರೆದುಕೊಂಡು ಎಲ್ಲೋ ಇಡುತ್ತಿದ್ದ. ನಾನು ಪ್ಲಗ್ ಬಿಚ್ಚಿದ ತೂತುಗಳಿಗೆ ಸೀಮೆಎಣ್ಣೆ ಬೆರೆಸಿದ ಎಂಜಿನ್ ಆಯಿಲ್ ಹಾಕುತ್ತಿದ್ದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಎಣ್ಣೆ ತಾನಾಗಿ ಇಳಿದು ತುಕ್ಕು ತಿನ್ನಬೇಕು; ಬಲ ಹಾಕಿದರೆ ಒಳಗೆ ಏನಾದರೂ ಮುರಿಯುತ್ತದೆ. ಹಾಲೇಶಿಗೆ ಅದು ತಮಾಷೆ.

"ಏನ್ರಿ ಮೇಸ್ತ್ರಿ, ಬಾಣಂತಿ ಕೂಸಿಗೆ ಹರಳೆಣ್ಣಿ ಕುಡಿಸಿದಂಗ ಕುಡಿಸ್ತೀರಲ್ರಿ! ಜೋಗುಳಾನೂ ಹಾಡ್ರಿ ಅತ್ಲಾಗ."

ಹಮಾಲರು ನಕ್ಕರು. ನಾನು ನಗಲಿಲ್ಲ. ನನಗೆ ನಗು ಬರುವುದು ಕಡಿಮೆ.

ಒಂದು ಸಂಜೆ ನಾನು ಗ್ಯಾಸ್ಕೆಟ್ ತರಲು ಪೇಟೆಗೆ ಹೋಗಿದ್ದೆ. ಮರಳಿ ಬಂದಾಗ ಗೋದಾಮಿನ ಮುಂದೆ ಜನ. ನಡುವೆ ಹಾಲೇಶಿ, ಕಾರಿನ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ಹಿಡಿದು ಸುತ್ತಿಸುತ್ತಿದ್ದ. ಎಂಜಿನ್ ತಿರುಗುತ್ತಿತ್ತು. ನನ್ನ ಎಣ್ಣೆ ತನ್ನ ಕೆಲಸ ಮುಗಿಸಿತ್ತು. ಮರುದಿನ ಬೆಳಿಗ್ಗೆ ನಾನೇ ಎರಡು ಬೆರಳಿನಲ್ಲಿ ತಿರುಗಿಸಬಹುದಿತ್ತು. ಆದರೆ ಸಾಹುಕಾರರು ಹಾಲೇಶಿಯ ಬೆನ್ನು ತಟ್ಟುತ್ತಿದ್ದರು.

"ನೋಡಪಾ ಮೇಸ್ತ್ರಿ, ನೀನು ದಿನಾ ಎಣ್ಣಿ ಹೊಯ್ದಿದ್ದೇ ಬಂತು. ಅದನ್ನ ನಮ್ಮನಿ ಮುದುಕಿನೂ ಮಾಡ್ತಾಳ. ನಮ್ಮ ಪೈಲ್ವಾನ ಒಂದೇ ಪಟ್ಟಿಗೆ ಕೆಡವಿಬಿಟ್ಟ!"

ಎಲ್ಲರೂ ನಕ್ಕರು. ಹಾಲೇಶಿಯೂ ನಕ್ಕ, ಆದರೆ ನನ್ನ ಮುಖ ನೋಡಿ ಬೇಗ ನಿಲ್ಲಿಸಿದ. ನಾನು ಬಗ್ಗಿ, ಧೂಳಿನಲ್ಲಿ ಬಿದ್ದಿದ್ದ ನನ್ನ ಸ್ಪ್ಯಾನರ್ ಎತ್ತಿ ಒರೆಸಿ ಸಾಲಿನಲ್ಲಿಟ್ಟೆ. ಆ ಹೊತ್ತಿಗೇ — ಇಲ್ಲ, ಆ ಹೊತ್ತಿಗೆ ಇನ್ನೂ ಯೋಚನೆಯಾಗಿರಲಿಲ್ಲ. ಅದನ್ನು ಇಡಲು ಮನಸ್ಸಿನಲ್ಲಿ ಒಂದು ಜಾಗವಾಗಿತ್ತು ಅಷ್ಟೇ.

ಎಂಜಿನ್ನನ್ನು ಪೂರ್ತಿ ಬಿಚ್ಚಿ ತೊಳೆದೆ. ವಾಲ್ವ್ ಉಜ್ಜಿ ಕೂರಿಸಿದೆ. ಕಾರ್ಬ್ಯುರೇಟರಿನಿಂದ ಇಲಿ ಕೂದಲು ತೆಗೆದೆ. ಬ್ರೇಕು, ಟೈರು ಸರಿಮಾಡಿದೆ. ಸೆಲ್ಫ್ ಸ್ಟಾರ್ಟರ್ ಸುಟ್ಟುಹೋಗಿದ್ದರಿಂದ ಹ್ಯಾಂಡಲ್ ಹೊಡೆದೇ ಚಾಲು ಮಾಡಬೇಕಿತ್ತು. ಹ್ಯಾಂಡಲ್ ಹೊಡೆಯಲು ಒಂದು ಕ್ರಮವಿದೆ. ಅದನ್ನು ಎಲ್ಲರಿಗೂ ತೋರಿಸಿದ್ದೆ. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬಾರದು, ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಬಿಟ್ಟುಕೊಳ್ಳಬೇಕಲ್ಲ, ಅದಕ್ಕೆ. ಪೈಲ್ವಾನರ ಹಿಡಿತ ಇದಕ್ಕೆ ವಿರುದ್ಧ. ಅವರು ಹೆಬ್ಬೆರಳು ಸುತ್ತಿ ಬೀಗ ಹಾಕುತ್ತಾರೆ. ಹಾಲೇಶಿ ನನ್ನ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಚಾಲು ಮಾಡುವ ದಿನ ನಾನು ಎಲ್ಲರಿಗಿಂತ ಮೊದಲು ಗೋದಾಮಿಗೆ ಹೋದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಹಿಡಿಕೆ ಸಡಿಲಿಸಿದೆ. ಕಿಡಿ ಹೊತ್ತಿಗೆ ಸರಿಯಾಗಿ ಬಿದ್ದರೆ ಎಂಜಿನ್ ಮುಂದಕ್ಕೆ ತಿರುಗುತ್ತದೆ. ಬೇಗ ಬಿದ್ದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿದು, ಹ್ಯಾಂಡಲನ್ನು ಹಿಂದಕ್ಕೆ ಒದೆಯುತ್ತದೆ. ಕಿಡಿ ಬೇಗ ಬೀಳುವಂತೆ ನಾನು ಡಿಸ್ಟ್ರಿಬ್ಯೂಟರನ್ನು ತಿರುಗಿಸಿದೆ. ಸುಮ್ಮನೆ ಹೆದರಿಸಲು ಒಂದಿಷ್ಟು ಸಾಕಿತ್ತು. ಆಮೇಲೆ ಇನ್ನೂ ಸ್ವಲ್ಪ ತಿರುಗಿಸಿದೆ. ಬಿಗಿ ಮಾಡಿ, ಕೈ ಒರೆಸಿಕೊಂಡೆ. ಹೆಬ್ಬೆರಳು ಸುತ್ತಿ ಹಿಡಿಯುತ್ತಾನೆ, ಅನುಭವಿಸುತ್ತಾನೆ, ತಪ್ಪು ಅವನದೇ ಆಗುತ್ತದೆ ಎಂದುಕೊಂಡೆ. ಇದು ನನ್ನ ಆ ದಿನದ ನ್ಯಾಯ.

ಸಾಹುಕಾರರು ತೆಂಗಿನಕಾಯಿ ಹಿಡಿದು ಬಂದರು. ಗರಡಿಯವರು ಬಂದರು. ನಾನು ಹ್ಯಾಂಡಲ್ಲನ್ನು ಹಾಲೇಶಿಯತ್ತ ನೀಡಿದೆ.

"ನೀನೇ ಹೊಡಿ. ಎಬ್ಬಿಸಿದವನು ನೀನು."

ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಅವನಿಗೆ ನಾಚಿಕೆಯೂ ಆಗಿತ್ತು. ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅವತ್ತು ನಿಮ್ಮ ಮುಂದ ನಕ್ಕಬಿಟ್ಟೆ, ಮನಸಿಗೆ ಹಚ್ಕೋಬ್ಯಾಡ್ರಿ," ಎಂದ. ಹಿಡಿಯ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದ. "ಹೆಂಗೆ ಹಿಡೀಬೇಕಂದ್ರಿ ಮೇಸ್ತ್ರಿ? ಹಿಂಗಾ?"

ಹೆಬ್ಬೆರಳು ಬೆರಳುಗಳ ಪಕ್ಕದಲ್ಲಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು ನನ್ನ ಮಾತು ಕೇಳಿದ್ದ. ಹುಡುಗರು ಸ್ಲೇಟು ತೋರಿಸುವ ಹಾಗೆ ಕೈ ತೋರಿಸಿ ನಿಂತಿದ್ದ.

ತಡಿ ಎನ್ನಬಹುದಿತ್ತು. ವೈರು ಒಂದು ಸಡಿಲ ಐತೆ, ತಡಿ ಎಂದಿದ್ದರೆ ಸಾಕಿತ್ತು. ಯಾರೂ ಏನೂ ಕೇಳುತ್ತಿರಲಿಲ್ಲ.

"ಹಂಗೇ," ಎಂದೆ.

ಅವನು ಒಂದೇ ಎಳೆತಕ್ಕೆ ಎಳೆದ. ಒಳಗೆ ಢಂ ಎಂದಿತು. ತೆರೆದ ಅಂಗೈಯಿಂದ ಹ್ಯಾಂಡಲ್ ಕಿತ್ತುಕೊಂಡು, ಹಿಂದಕ್ಕೆ ಸುತ್ತಿ ಬಂದು, ಮಣಿಕಟ್ಟಿನ ಮೇಲೆ ಬಡಿಯಿತು. ಹಸಿ ಕಬ್ಬು ಮುರಿದ ಸದ್ದು. ಹಾಲೇಶಿ ಕೂಗಲಿಲ್ಲ. ಕೂತುಬಿಟ್ಟ. ಕೈ ತನ್ನದಲ್ಲ ಎನ್ನುವ ಹಾಗೆ ಅದನ್ನು ನೋಡುತ್ತಿದ್ದ. ಅದು ಕೀಲು ಇಲ್ಲದ ಜಾಗದಲ್ಲಿ ಮಡಚಿಕೊಂಡಿತ್ತು.

ಎಲ್ಲರೂ ಅವನ ಸುತ್ತ ಮುತ್ತಿದರು. ನಾನು ಬಾನೆಟ್ ಕಡೆ ಹೋದೆ. ಹೌದು, ಮೊದಲು ಅಲ್ಲಿಗೇ ಹೋದೆ. ಡಿಸ್ಟ್ರಿಬ್ಯೂಟರನ್ನು ಅದರ ಗುರುತಿಗೆ ತಂದು ಬಿಗಿ ಮಾಡಿ, ಸ್ಪ್ಯಾನರ್ ಒರೆಸಿ ಜಾಗಕ್ಕಿಟ್ಟೆ. ಆಮೇಲೆ ಹ್ಯಾಂಡಲ್ ಎತ್ತಿಕೊಂಡು ನಾನೇ ಎಳೆದೆ. ಎಂಜಿನ್ ಒಂದೇ ಎಳೆತಕ್ಕೆ ಎದ್ದಿತು. ಎಷ್ಟೋ ವರ್ಷ ಸತ್ತು ಮಲಗಿದ್ದ ಎಂಜಿನ್ನು — ದನಿ ದುಂಡಗಿತ್ತು, ಒಂದೂ ಹೊಡೆತ ತಪ್ಪುತ್ತಿರಲಿಲ್ಲ. ನನಗೆ ಸಂತೋಷವಾಯಿತು. ಹಾಲೇಶಿ ನೆಲದ ಮೇಲಿದ್ದ, ನನಗೆ ಸಂತೋಷವಾಯಿತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ.

ಸಾಹುಕಾರರ ದೊಡ್ಡ ಕಾರು ಊರಲ್ಲಿರಲಿಲ್ಲ. ಮೂಳೆ ಕಟ್ಟುವವರು ಹರಿಹರದಲ್ಲಿದ್ದರು. ಎರಡನೆಯ ಸೀಟಿಗೆ ಹಾಲೇಶಿಯನ್ನು ಕೂರಿಸಿ, ಟವೆಲ್ಲಿನಲ್ಲಿ ಕೈ ಕಟ್ಟಿ, ನಾನೇ ಓಡಿಸಿದೆ. ಕಪ್ಪೆ ಕಾರಿನ ಮೊದಲ ಓಟ ಅದು. ಪಿ.ಬಿ. ರಸ್ತೆಯುದ್ದಕ್ಕೂ ಗಾಡಿಯವರು ಎತ್ತು ನಿಲ್ಲಿಸಿ ನೋಡಿದರು, ಹೊಲದಲ್ಲಿದ್ದವರು ಕೈ ಬೀಸಿದರು. ಪ್ರತಿ ಗುಂಡಿಗೂ ಹಾಲೇಶಿಯ ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು.

"ಚಂದ ಓಡತೈತ್ರಿ ಮೇಸ್ತ್ರಿ," ಎಂದ ಒಮ್ಮೆ. ಹರಿಹರದ ಗುಡಿಯ ಗೋಪುರ ಕಂಡಾಗ ಕೇಳಿದ: "ನಾ ಹೆಬ್ಬಟ್ಟು ಸುತ್ತಿದ್ನೇನ್ರಿ? ನನಗ... ಸುತ್ತಿರಲಿಲ್ಲ ಅನಸ್ತೈತಿ."

ರಸ್ತೆ ನೋಡುತ್ತಲೇ ಹೇಳಿದೆ: "ಸುತ್ತಿದ್ದೆ."

ಅವನು ಟವೆಲ್ಲು ಸುತ್ತಿದ ಕೈಯನ್ನು ನೋಡಿಕೊಂಡ. "ನೀವು ಹೇಳಿದ್ರಿ. ನಾನ ಕೇಳಲಿಲ್ಲ," ಎಂದ.

ಮೂಳೆ ಕೂಡಿತು, ಸೊಟ್ಟಗೆ. ಹಿಡಿತ ಮರಳಲಿಲ್ಲ. ಹರಿಹರದ ಅಖಾಡಕ್ಕೆ ಬೇರೆಯವನು ಇಳಿದು ಸೋತ. ಭಟ್ಟಿಯ ಮುಂದೆ ನಿಂತರೆ ಹಾಲೇಶಿಯ ಕೈ ನಡುಗಿ ಮರಳೆಲ್ಲ ಹೊರಗೆ ಚೆಲ್ಲುತ್ತಿತ್ತು. ಹನುಮವ್ವ ಕೊನೆಗೆ ಭಟ್ಟಿ ಮಾರಿದಳು. ಸಾಹುಕಾರರ ಹಾಲು-ಬಾದಾಮಿ ನಿಂತಿತು; ಕೈಯಿಲ್ಲದ ಪೈಲ್ವಾನ ಅವರಿಗೆ ಯಾಕೆ? ಕಪ್ಪೆ ಕಾರನ್ನೂ ಅವರು ಬೇಗ ಮರೆತರು.

ನಾನು ಸ್ವಂತ ಗ್ಯಾರೇಜು ಇಟ್ಟಾಗ ಹಾಲೇಶಿಯನ್ನು ಕಾವಲಿಗೆ ಇಟ್ಟುಕೊಂಡೆ. ಊರು ನನ್ನನ್ನು ಹೊಗಳಿತು. ಹನುಮವ್ವ ಬಂದು ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ. ಹಾಲೇಶಿ ದಿನಾ ಗೇಟಿನಲ್ಲಿ ಎಡಗೈಯಿಂದ ನನಗೆ ಸೆಲ್ಯೂಟ್ ಹೊಡೆಯುತ್ತಿದ್ದ. ಒಮ್ಮೆ ತಡವಾಗಿ ಬಂದದ್ದಕ್ಕೆ, ಎಲ್ಲರೆದುರು, "ಶಿಸ್ತು ಇದ್ದಿದ್ರ ನಿನ್ನ ಕೈ ಉಳೀತಿತ್ತು," ಎಂದು ಬೈದೆ. ಅಂದೆ, ಹೌದು. ಅವನು ತಲೆ ತಗ್ಗಿಸಿ "ಖರೇ ಐತ್ರಿ" ಎಂದ.

ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಅವನದೊಂದು ಪಾಠವಿತ್ತು. ಸೊಟ್ಟ ಕೈ ಎತ್ತಿ ತೋರಿಸಿ ನಗುತ್ತಿದ್ದ: "ನೋಡ್ರಪಾ, ಮೇಸ್ತ್ರಿ ಮಾತು ಕೇಳದಿದ್ರ ಹಿಂಗಾಗತೈತಿ." ನಾನು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಗ್ಯಾರೇಜಿನ ಶಿಸ್ತಿಗೆ ಅದು ಒಳ್ಳೆಯದೆಂದು ಬಿಟ್ಟಿದ್ದೆ.

ಈಗ ಗ್ಯಾರೇಜು ಮುಚ್ಚಿದೆ. ನಾನು ಕೆ.ಬಿ. ಬಡಾವಣೆಯ ಮನೆಯಲ್ಲಿದ್ದೇನೆ, ಅವನು ಹರಿಹರದಲ್ಲಿ ಮಗಳ ಮನೆಯಲ್ಲಿ. ಈಚೆಗೆ ಗರಡಿಮನೆಯವರು ಹಳೆಯ ಪೈಲ್ವಾನರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಹಾಲೇಶಿ ತನಗೆ ಹೊದಿಸಿದ ಶಾಲನ್ನು ತೆಗೆದು, "ನನಗ ಅನ್ನ ಹಾಕಿದವರು ಇಲ್ಲಿ ಕುಂತಾರ," ಎಂದು ವೇದಿಕೆಯಿಂದ ಇಳಿದು ಬಂದು ನನ್ನ ಹೆಗಲಿಗೆ ಹಾಕಿದ. ಜನ ಚಪ್ಪಾಳೆ ತಟ್ಟಿದರು. ನಾನು ನೆಟ್ಟಗೆ ನಿಂತು ಕೈಮುಗಿದೆ.

ಹೊರಡುವಾಗ ನನ್ನ ತೋಳು ಹಿಡಿದುಕೊಂಡ. "ಮೇಸ್ತ್ರಿ, ಇನ್ನೆಷ್ಟು ದಿನ ಇರ್ತೀವಿ ನಾವು. ಒಂದು ಮಾತು ಕೇಳ್ಲಾ? ಬೈಬ್ಯಾಡ್ರಿ. ಕನಸಿನ್ಯಾಗ ಯಾವಾಗ್ಲೂ ನನ್ನ ಹೆಬ್ಬಟ್ಟು ಸರಿ ಇರತೈತಿ. ಖರೇ ಹೇಳ್ರಿ — ಸುತ್ತಿದ್ನಾ?"

ಅಷ್ಟು ವರ್ಷಗಳು ಅವನು ಅದೊಂದನ್ನೇ ಹೊತ್ತು ತಿರುಗಿದ್ದ. ಕೈ ಹೋದದ್ದಲ್ಲ, ಕುಸ್ತಿ ಹೋದದ್ದಲ್ಲ — ತನ್ನ ಮೂರ್ಖತನದಿಂದ ಹೋಯಿತಲ್ಲ ಎನ್ನುವುದನ್ನು. ಅದನ್ನು ಇಳಿಸಲು ನನ್ನ ಒಂದು ಮಾತು ಸಾಕಿತ್ತು. ಹೆಗಲ ಮೇಲೆ ಅವನ ಶಾಲಿತ್ತು.

"ಸುತ್ತಿದ್ದೆ," ಎಂದೆ.

ಅಭ್ಯಾಸ. ಜಾಗಕ್ಕಿಟ್ಟದ್ದನ್ನು ಕದಲಿಸದ ಅಭ್ಯಾಸ.

ಶಾಲು ಪೆಟ್ಟಿಗೆಯಲ್ಲಿ ಮಡಚಿಟ್ಟಿದೆ. ನಾಳೆ ಅದನ್ನು ತೆಗೆದುಕೊಂಡು ಬೆಳಗಿನ ಬಸ್ಸಿಗೆ ಹರಿಹರಕ್ಕೆ ಹೋಗುತ್ತೇನೆ. ಸತ್ಯ ತಿಳಿದರೆ ಅವನಿಗೆ ನೆಮ್ಮದಿಯಾಗುತ್ತದೋ, ಅವನು ಅನ್ನದಾತ ಎಂದು ನಂಬಿದವನೂ ಕೈತಪ್ಪಿ ಇನ್ನಷ್ಟು ಬರಿದಾಗುತ್ತಾನೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಮತ್ತೆ ಮುಂದೂಡುವುದಿಲ್ಲ. ಅವನ ಮಗಳೂ ಎದುರಿಗೆ ಇರಲಿ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವನು ಕ್ಷಮಿಸಿಬಿಡುತ್ತಾನೆ, ಅಂಥವನು. ನಿನ್ನ ಹೆಬ್ಬೆರಳು ಸರಿಯಾಗಿತ್ತು, ಹಾಲೇಶಿ — ಇಷ್ಟನ್ನು ಮೊದಲು ಹೇಳುತ್ತೇನೆ. ಡಿಸ್ಟ್ರಿಬ್ಯೂಟರಿನ ಮಾತು ಆಮೇಲೆ.

ಅವನ ಎಡಗೈಯ ಏಟು ಇನ್ನೂ ಗಟ್ಟಿಯೇ ಇರಬೇಕು. ಬಾಗಿಲು ತಟ್ಟುವ ಮೊದಲು ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಳ್ಳುತ್ತೇನೆ.